ಏಳನೇ ನಂಬರಿನ ಗುಲಾಬಿಗೆ ನಾನು ಕೊಟ್ಟ ಸೊನ್ನೆ

ಅಂಕ ಕೊಡುವ ಕೆಲಸ ಮನುಷ್ಯನಿಗೆ ಎಂಥ ಸೊಕ್ಕು ತರುತ್ತದೆ ಎಂಬುದು ಅದು ಕೈಬಿಟ್ಟು ಹೋದ ಮೇಲೆಯೇ ತಿಳಿಯುವುದು. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಸಮಾಜವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದ ನನಗೆ ಕೆಂಪು ಪೆನ್ನಿಲ್ಲದ ಜೇಬು ಬಿಕೋ ಎನ್ನುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತು, ಸಾರಿಗೆ ಹತ್ತಕ್ಕೆ ಆರು ಎಂದುಬಿಟ್ಟೆ. ಹೆಂಡತಿ ಸೌಟು ಕೆಳಗಿಟ್ಟು, "ಸಂಜೆ ಪಾರ್ಕಿಗಾದ್ರೂ ಹೋಗಿ ಬರ್ರಿ" ಎಂದಳು. ಹೋದೆ.

ಆ ಉದ್ಯಾನದಲ್ಲಿ ಹನ್ನೆರಡು ಹೊಸ ತಳಿಯ ಗುಲಾಬಿಗಳನ್ನು ಪರೀಕ್ಷೆಗೆಂದು ನೆಟ್ಟಿದ್ದರು. ಯಾವುದಕ್ಕೂ ಹೆಸರಿಲ್ಲ, ಬರೀ ನಂಬರು. ನಮ್ಮೂರಿನ ಬಿಸಿಲಿಗೆ ಬಾಳುವುದು ಯಾವುದೆಂದು ನೋಡಿ, ಗೆದ್ದದ್ದನ್ನು ಉದ್ಯಾನದ ತುಂಬ ಹಾಕುವುದು, ಕೊನೆಗೆ ಬಂದದ್ದನ್ನು ಕಿತ್ತು ಜಾಗ ಖಾಲಿ ಮಾಡುವುದು. ತೋಟಗಾರಿಕೆ ಇಲಾಖೆಯ ಅಧಿಕಾರಿ ಮೇಡಂಗೆ ಇನ್ನೂ ನಾಲ್ಕು ಉದ್ಯಾನಗಳ ಹೊಣೆ. ಹಾಗಾಗಿ ದಿನಾ ಬರುವ ಮೂವರು ಹಿರಿಯರಿಗೆ ಅಂಕದ ಹಾಳೆ ಕೊಟ್ಟು ಹೋದರು. ಒಬ್ಬರು ಮಂಡಿನೋವೆಂದು ಎರಡನೇ ವಾರಕ್ಕೇ ನಿಲ್ಲಿಸಿದರು. ಇನ್ನೊಬ್ಬರು ಮುಳ್ಳು ಚುಚ್ಚಿಸಿಕೊಂಡು, ಇಂಜೆಕ್ಷನ್ ಹಾಕಿಸಿಕೊಂಡು, ಆ ದಿಕ್ಕಿಗೇ ತಿರುಗಲಿಲ್ಲ. ಉಳಿದವನು ನಾನು.

ಹಾಳೆಯಲ್ಲಿ ಬಣ್ಣ, ಪರಿಮಳ, ಆಕಾರ, ರೋಗ ಎಂದು ನಾಲ್ಕು ಕಾಲಂ. ಒಂದೊಂದಕ್ಕೂ ಹತ್ತು ಅಂಕ. ಬಣ್ಣದಲ್ಲೇ ನಾನು ಕಂಗಾಲಾದೆ. ಬೆಳಿಗ್ಗೆ ತಿಳಿಗೆಂಪಾಗಿದ್ದ ಹೂವು ಸಂಜೆಗೆ ಈರುಳ್ಳಿ ಸಿಪ್ಪೆಯ ಹಾಗಿರುತ್ತಿತ್ತು. ಮಂಡಿಪೇಟೆಯ ಅಂಗಡಿಯಲ್ಲಿ ಎರಡು ಸೀರೆಗಳ ನಡುವಿನ ವ್ಯತ್ಯಾಸ ಕೇಳಿದರೆ ಬೀದಿ ನೋಡುತ್ತ ನಿಲ್ಲುವ ಗಂಡಸು ನಾನು. ಪರಿಮಳದ ಪಾಡೂ ಅಷ್ಟೇ. ಮೂರು ಹೂವು ಮೂಸುವಷ್ಟರಲ್ಲಿ ಕಾಂಪೌಂಡಿನಾಚೆ ಮಿರ್ಚಿ ಕರಿಯಲು ಶುರುಮಾಡುತ್ತಿದ್ದರು. ನಾಲ್ಕನೆಯದರಿಂದ ಹನ್ನೆರಡನೆಯದರವರೆಗೆ ಎಲ್ಲವೂ ಮಿರ್ಚಿಯೇ. ಆಕಾರವಂತೂ ನನ್ನ ಕಣ್ಣಿಗೆ ಹನ್ನೆರಡೂ ಒಂದೇ. ಅನ್ಯಾಯ ಆಗಬಾರದೆಂದು ಈ ಮೂರು ಕಾಲಂಗಳಲ್ಲಿ ಎಲ್ಲ ಗಿಡಕ್ಕೂ ಆರಾರು ಹಾಕಿದೆ. ನನಗೆ ಖಚಿತವಾಗಿ ಕಾಣುತ್ತಿದ್ದದ್ದು ರೋಗ ಒಂದೇ. ಅದನ್ನು ಎಲೆ ಎಲೆ ತಿರುವಿ ನೋಡಿ ಬರೆದೆ.

ಗಿಡಗಳನ್ನು ಸಾಕುತ್ತಿದ್ದವಳು ಹಾಲಮ್ಮ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು, ಪಾತಿ ಕೆದರಿ, ನೀರು ಹಾಯಿಸಿ ಹೋಗುತ್ತಿದ್ದಳು. ಏಳನೇ ನಂಬರಿನ ಮೇಲೆ ಅವಳಿಗೆ ಒಂದು ಗುಲಗಂಜಿ ಪ್ರೀತಿ ಹೆಚ್ಚು. "ನೋಡ್ರಿ ಮೇಷ್ಟ್ರೇ, ಒಂದ್ ಎಲೀಗೂ ಚುಕ್ಕಿಲ್ಲ" ಎನ್ನುತ್ತಿದ್ದಳು. ನಾನೂ ಹೌದೆಂದು ತಲೆಯಾಡಿಸುತ್ತಿದ್ದೆ.

ಒಂದು ಸಂಜೆ ಮೇಡಂ ಫಲಿತಾಂಶ ಹಿಡಿದು ಬಂದರು. "ಸರ್, ಟೋಟಲ್ ಮಾಡಿದ್ವಿ. ನಂಬರ್ ಮೂರು ಫಸ್ಟ್, ಏಳು ಲಾಸ್ಟ್. ನೀವು ತುಂಬಾ ಸಿನ್ಸಿಯರ್ ಸರ್" ಎಂದರು. ಮೂರನೆಯದೆಂದರೆ ಕಪ್ಪು ಚುಕ್ಕೆ ಹತ್ತಿ, ಎಲೆಯೆಲ್ಲ ಉದುರಿ, ಕಡ್ಡಿಯಾಗಿ ನಿಂತಿದ್ದ ಗಿಡ. ಏನೋ ವಿಜ್ಞಾನವಿರಬೇಕು, ನಮಗೆ ತಿಳಿಯದ್ದು ಎಂದುಕೊಂಡು ಮನೆಗೆ ಬಂದೆ. ಕೈ ತೊಳೆಯುವಾಗ ತಲೆಗೆ ಹೊಳೆಯಿತು. ಏಳಕ್ಕೆ ರೋಗವೇ ಇಲ್ಲವೆಂದು ನಾನು ಸೊನ್ನೆ ಹಾಕಿದ್ದೆ. ಮೂರಕ್ಕೆ ಮೈತುಂಬ ರೋಗವೆಂದು ಹತ್ತಕ್ಕೆ ಹತ್ತು!

ಮರುದಿನ ಬೆಳಿಗ್ಗೆಯೇ ಓಡಿದೆ. ಏಳನೆಯದರ ಜಾಗದಲ್ಲಿ ಗುಂಡಿ ಇತ್ತು. ಹಾಲಮ್ಮ ಇರಲಿಲ್ಲ. ಮೇಡಂಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು, "ಸರ್, ಹಾಲಮ್ಮ ನಿನ್ನೆ ಸಂಜೆನೇ ಅಳ್ತಾ ಕಿತ್ತು ಮನೆಗೆ ಒಯ್ದಳಂತೆ. ಇವತ್ತು ರಜಾ. ಹೋಗಿ ಗಿಡ ವಾಪಸ್ ಕೇಳ್ತೀರಾ?" ಎಂದರು.

ಹರಿಹರದ ಬಸ್ಸು ಹತ್ತಿದೆ. ಅವಳ ಮನೆ ಹೊಳೆಯ ಕಡೆಗಿನ ಓಣಿಯಲ್ಲಿತ್ತು. ಅಂಗಳದಲ್ಲಿ, ಗೋಣಿಚೀಲದ ನೆರಳಿನಲ್ಲಿ ಏಳನೆಯದು ಬಾಡಿ ನಿಂತಿತ್ತು. ಹಾಲಮ್ಮ "ಬರ್ರಿ, ಕೂಡ್ರಿ" ಎಂದಳೇ ಹೊರತು ಮುಖ ನೋಡಲಿಲ್ಲ. "ಅದ್ಕ ಏನ್ ಕಮ್ಮಿ ಆಗಿತ್ರಿ? ನೆಟ್ಟ ದಿನದಿಂದ ಸಾಕೀನಿ ಅದನ್ನ."

"ರೋಗದ ಕಾಲಮ್ಮಿನಲ್ಲಿ ಸೊನ್ನೆ ಹಾಕಿದೆ ಕಣಮ್ಮ."

"ರೋಗ ಎಲ್ಲೈತೆ ಅದ್ಕ?"

"ಇಲ್ಲವಲ್ಲ, ಅದಕ್ಕೇ ಸೊನ್ನೆ."

"ಮತ್ತ ಮೂರಕ್ಕ?"

"ಹತ್ತು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಾನೂ ನಕ್ಕೆ, ಅಳುವುದಕ್ಕಿಂತ ಅದು ಸುಲಭವಾಗಿತ್ತು.

"ಗಿಡ ಕೊಡಂಗಿಲ್ರಿ. ಮತ್ತ ಕಿತ್ರೆ ಸಾಯ್ತತೆ. ಕಡ್ಡಿ ಕೊಡ್ತೀನಿ" ಎಂದು ನಾಲ್ಕು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ಮುಳ್ಳು ಕೆಳಗ ನೋಡ್ತಿರ್ಬೇಕು, ಹಂಗ ಊರ್ರಿ. ಉಲ್ಟಾ ಹಾಕಿಗೀಕೀರಿ!"

ಬಸ್ಸಿನುದ್ದಕ್ಕೂ "ಮುಳ್ಳು ಕೆಳಗೆ" ಎಂದು ಜಪಿಸುತ್ತ ಬಂದೆ. ಆದರೆ ಉದ್ಯಾನದಲ್ಲಿ ಕಡ್ಡಿ ಕೈಗೆತ್ತಿಕೊಂಡಾಗ ಅನುಮಾನ ಬಂತು. ಕೆಳಗೆ ನೋಡಬೇಕಾದದ್ದು ಮುಳ್ಳಿನ ತುದಿಯೋ, ಬುಡವೋ? ಹಾಲಮ್ಮನಿಗೆ ಫೋನ್ ಮಾಡಲು ಮುಖವಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಎರಡನ್ನು ಹಾಗೆ, ಎರಡನ್ನು ಹೀಗೆ ಊರಿದೆ. ಈಗ ಎರಡು ಚಿಗುರಿವೆ. ಮೇಡಂ ಬಂದು ನೋಡಿ, "ಹೆಂಗೆ ನೆಟ್ಟಿದ್ರಿ ಸರ್, ನಮ್ಮವರಿಗೂ ಸ್ವಲ್ಪ ಹೇಳಿಕೊಡಿ" ಎಂದರು. ನಾನು ಗಂಭೀರವಾಗಿ, "ಅನುಭವ ಬೇಕಮ್ಮ" ಎಂದುಬಿಟ್ಟೆ.