ನಾಳೆಯಿಂದ ಬರಬೇಡಿ ಎನ್ನುವ ಮುಂಚೆ

ಕೊಪ್ಪಳದ ಒಂದು ಜವಳಿ ಅಂಗಡಿಯಲ್ಲಿ ಸೀರೆ ತೋರಿಸುತ್ತಲೇ ನನ್ನ ತಲೆ ನೆರೆಯಿತು. ಹಿರಿಯ ಸಾಹುಕಾರರು ವಯಸ್ಸಾಗಿ ಮನೆ ಹಿಡಿದು, ಅವರ ಮಗ ಗಲ್ಲಾ ಮೇಲೆ ಕುಳಿತಾಗಿನಿಂದ ಅಂಗಡಿ ತುಂಬ ಹುಡುಗರೇ. ದಿನಕ್ಕೊಂದು ಫಜೀತಿ ಆಗುತ್ತಲೇ ಇರುತ್ತದೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಒಳಗೆ ಮಾತ್ರ ಒಂದೇ ದಿಗಿಲು: ನನ್ನನ್ನು ಯಾವತ್ತು ಕೆಲಸ ಬಿಡಿಸುತ್ತಾರೋ. ಮಗಳ ನರ್ಸಿಂಗ್ ಓದು ಇನ್ನೂ ಅರ್ಧದಲ್ಲಿದೆ.

ಹೆಬ್ಬೆಟ್ಟು

ಹಾಜರಿಗೆ ಹೆಬ್ಬೆಟ್ಟಿನ ಯಂತ್ರ ಬಂತು. ಸೀರೆ ಮಡಚಿ ಮಡಚಿ ನನ್ನ ಬೆರಳಿನ ಗೆರೆಗಳೇ ಸವೆದಿವೆ. ಹತ್ತೂ ಬೆರಳು ಇಟ್ಟರೂ ಯಂತ್ರ ಕೆಂಪು ದೀಪವನ್ನೇ ಹಾಕಿತು. ಹಿಂದೆ ನಿಂತಿದ್ದ ಕುಷ್ಟಗಿಯ ಹುಡುಗ, "ಕಾಕಾ, ಅದರ ಪ್ರಕಾರ ನೀವು ಬಂದ ಇಲ್ರಿ," ಎಂದ. ಹೊಸ ಸಾಹುಕಾರನ ಕಣ್ಣಿಗೆ ಬೀಳುತ್ತಲೇ ಇರಬೇಕೆಂದು ಊಟಕ್ಕೂ ಹೋಗಲಿಲ್ಲ. ಅಷ್ಟೆಲ್ಲ ಮಾಡಿ, ಇಡೀ ದಿನ ಗೈರುಹಾಜರಾಗಿಯೇ ದುಡಿದೆ.

ಮೂಡು

ಒಂದು ಬೆಳಿಗ್ಗೆ ಅದೇ ಹುಡುಗ ಬರಲಿಲ್ಲ. ಸಾಹುಕಾರನ ಫೋನಿಗೆ 'ಇವತ್ತ ಬರಂಗಿಲ್ಲ' ಎಂದಷ್ಟೇ ಕಳಿಸಿದ್ದ. ನಮ್ಮ ಕಾಲದಲ್ಲಿ ರಜೆ ಬೇಕೆಂದರೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿರಬೇಕಿತ್ತು. ಗಾಬರಿಯಾಗಿ ಬಾಳೆಹಣ್ಣು ಕೊಂಡು ಅವನ ಖೋಲಿಗೆ ಓಡಿದೆ. ಮಂಡಕ್ಕಿ ಮಿರ್ಚಿ ತಿನ್ನುತ್ತ ಕುಳಿತಿದ್ದ.

"ಆರಾಮಿಲ್ಲೇನಪಾ?"

"ಆರಾಮದೀನ್ರಿ. ಮೂಡಿಲ್ಲ."

"ಸಾವ್ಕಾರ ಕೆಲಸ ಬಿಡಿಸಿದ್ರ?"

"ಬಿಡಿಸ್ಲಿ ತಗೋರಿ. ಗಂಗಾವತ್ಯಾಗ ಇನ್ನೊಂದು ಅಂಗಡಿ ಐತಿ."

ಆ ಧೈರ್ಯ ಕಂಡು ಹೊಟ್ಟೆಕಿಚ್ಚಾಯಿತು. ಮರುದಿನ ನಾನೂ ಹೆಂಡತಿಗೆ, ಇವತ್ತು ಮೂಡಿಲ್ಲ ಎಂದು ಹೇಳಿ ನೋಡಿದೆ. "ಮದಿವಿ ಆದಾಗಿಂದ ಇಲ್ಲ, ಹೋಗ್ರಿ ಸುಮ್ನ," ಎಂದು ಬುತ್ತಿ ಕೈಗಿಟ್ಟಳು.

ನನ್ನ ಮೈಮೇಲಿನ ಸೀರೆ

ಅಳವಂಡಿಯಿಂದ ಟಂಟಂ ಗಾಡಿ ತುಂಬ ಮಂದಿ ಮದುವೆ ಜವಳಿಗೆ ಬಂದರು. ಸೆರಗನ್ನು ನಮ್ಮ ಹೆಗಲಿಗೇ ಹಾಕಿಕೊಂಡು ತೋರಿಸುವುದು ಹಳಬರ ಪದ್ಧತಿ. ಹುಡುಗರಿಗೆ ಅದು ನಾಚಿಕೆ, ಫೋನಿನಲ್ಲಿ ಫೋಟೊ ತೋರಿಸುತ್ತಾರೆ. ಸಾಹುಕಾರ ನೋಡುತ್ತಿದ್ದಾನೆಂದು ನಾನು ನೆರಿಗೆ ಹಿಡಿದು ಪೂರ್ತಿಯೇ ಸುತ್ತಿಕೊಂಡೆ, ಬಾಗಿಲವರೆಗೆ ನಡೆದೂ ತೋರಿಸಿದೆ. ಮದುಮಗಳ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಸೀರಿ ಛಲೋ ಐತಿ. ಆದ್ರ ಉಟ್ಟಾಗೆಲ್ಲ ನಮ್ಮ ಹುಡಿಗಿಗಿ ನಿನ್ನ ಮೀಸಿ ನೆನಪಾಗ್ತಾವ," ಎಂದು ಹುಡುಗನ ಫೋನಿನಲ್ಲಿದ್ದ ಸೀರೆಯನ್ನೇ ಆರಿಸಿದಳು.

ಕಹಿ ಮಾತು

ಅಂಗಡಿಯಲ್ಲಿ ಕಹಿ ಮಾತೆಲ್ಲ ಹೇಳುವವನು ನಾನೇ. ರೇಟು ಇಳಿಯುವುದಿಲ್ಲ, ಬಣ್ಣ ಬಿಟ್ಟ ಸೀರೆ ವಾಪಸು ತಗೊಳ್ಳುವುದಿಲ್ಲ, ಎಲ್ಲವನ್ನೂ ಗಿರಾಕಿಗೆ ನೋವಾಗದಂತೆ ಹೇಳಿ, ಚಹಾ ಕುಡಿಸಿ ಕಳಿಸುತ್ತೇನೆ.

ಹಬ್ಬದ ವ್ಯಾಪಾರ ಮುಗಿದ ಮೇಲೆ ಸಾಹುಕಾರ ಒಳಗೆ ಕರೆದ. ಸಣ್ಣವನಿದ್ದಾಗ ನನ್ನ ಹೆಗಲ ಮೇಲೆ ಕುಳಿತು ಶಾಲೆಗೆ ಹೋದವನು, ಈಗ ನನ್ನ ಮುಖ ನೋಡದೆ ಅಳತೆ ಟೇಪು ಸುತ್ತುತ್ತಿದ್ದ.

"ಕಾಕಾ, ಒಬ್ಬರಿಗೆ ನಾಳಿಂದ ಬರಬ್ಯಾಡ್ರಿ ಅನ್ನಬೇಕಾಗೇತಿ. ನನ್ನ ಬಾಯಿಗೆ ಬರವಲ್ದು. ಮನಸಿಗಿ ಹತ್ತಲಾರದಂಗ ನೀವ ಹೇಳ್ರಿ."

"ಯಾರಿಗಿರಿ?"

ಅವನು ತಲೆ ತಗ್ಗಿಸಿದ. ಆ ಒಬ್ಬರು ಯಾರೆಂದು ನನಗೆ ತಿಳಿಯಿತು. ಹೊರಗೆ ಬಂದು ಚಹಾ ತರಿಸಿದೆ, ಕನ್ನಡಿಯ ಮುಂದೆ ನಿಂತು ಪೂರ್ತಿ ಕುಡಿದೆ, ತಿರುಗಿ ಒಳಗೆ ಹೋದೆ.

"ಹೇಳಿದ್ನಿರಿ."

"ಏನಂದ್ರು?"

"ಸಮಾಧಾನದಿಂದ ತಿಳಿಸಿ ಹೇಳೀನ್ರಿ, ಚಹಾನೂ ಕುಡಿಸೀನಿ. ಏನ್ ಮಾಡಿದ್ರೂ ಅಂವಾ ಒಪ್ಪವಲ್ಲ. ನಾಳಿ ಒಂಬತ್ತಕ್ಕ ಬರ್ತಾನಂತ."