ಕೊಟ್ಟಿಗೆಯ ಚಿಲಕ

ದೌಲತರಾಯರ ಎಮ್ಮೆ ಕೊಟ್ಟಿಗೆಗೆ ಇದ್ದಂಥ ಚಿಲಕ ಇಡೀ ಅಫಜಲಪುರ ತಾಲೂಕಿನಲ್ಲಿ ಇನ್ನೊಂದಿರಲಿಲ್ಲ. ಅದು ಅವರ ಅಜ್ಜನ ಬಂದೂಕಿನ ಬೋಲ್ಟ್, ಗುಂಡು ತುಂಬಿ ಹಿಂದಿನಿಂದ ಮುಚ್ಚುವ ಉಕ್ಕಿನ ಅಗುಳಿ.

ಬಂದೂಕಿಗೆ ಲೈಸೆನ್ಸ್ ಇತ್ತು, ದೌಲತರಾಯರಿಗೆ ಮೀಸೆ ಇತ್ತು. ಕಟ್ಟೆಯ ಮೇಲೆ ಕೂತು ಆ ಮೀಸೆ ತಿರುವುತ್ತ, "ನಮ್ಮ ಬಂದೂಕಿನ ಸಪ್ಪಳಕ್ಕ ಭೀಮಾ ನದಿ ಮೀನ ಸೈತ ದಂಡಿಗೆ ಜಿಗಿತಾವ" ಎನ್ನುತ್ತಿದ್ದರು. ಕುಕ್ಕರ್ ಸೀಟಿ ಹೊಡೆದರೆ ಜಿಗಿಯುವವರು ಅವರೇ ಎಂಬುದು ಹೆಂಡತಿ ಗುರುಶಾಂತಮ್ಮನಿಗೆ ಮಾತ್ರ ಗೊತ್ತಿತ್ತು. ಪುಣ್ಯಾತ್ಗಿತ್ತಿ, ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಬಂದೂಕು ಅಪ್ಪಿತಪ್ಪಿಯೂ ಹಾರದಿರಲೆಂದು ಗಂಡ ಬೋಲ್ಟನ್ನು ಬಿಚ್ಚಿ, ಬೇರೆ ಕಡೆ ಇಡು ಎಂದು ಕೊಟ್ಟಾಗ, ಸುಮ್ಮನೆ ಯಾಕೆ ಇಡುವುದೆಂದು ಕೊಟ್ಟಿಗೆಯ ಬಾಗಿಲಿಗೆ ಸಿಕ್ಕಿಸಿದ್ದಳು.

ಆ ದಿನ ಬೆಳಿಗ್ಗೆ ಪಕ್ಕದ ಹೊಲದ ಬೀರಲಿಂಗಪ್ಪ ಬಂದ.

"ಗೌಡ್ರ, ಕಾಡಹಂದಿ ನನ್ನ ಕಬ್ಬು ತಿಂದು ತೇಗಾಕತ್ತಾವ. ಇವತ್ತ ರಾತ್ರಿ ಅಟ್ಟದ ಮ್ಯಾಲ ನೀವ ಕೂಡಬೇಕ ನೋಡ್ರಿ."

"ಲೇ, ನಾವು ಲಿಂಗ ಕಟ್ಟಿದವರು. ಜೀವ ತೆಗೀಬಾರ್ದು."

"ತೆಗೀಬ್ಯಾಡ್ರಿ. ಗಾಳಿಗೆ ಒಮ್ಮೆ ಢಂ ಅನಸ್ರಿ, ಸಾಕು. ಸಪ್ಪಳಕ್ಕ ಓಡ್ತಾವ. ಫಾರೆಸ್ಟ್ ಸಾಹೇಬ್ರ ಒಪ್ಪಿಗಿ ತಂದೇನಿ."

ದೌಲತರಾಯರ ಮೀಸೆ ಬಾಡಿದ ಮೆಂತೆಪಲ್ಲೆಯಂತೆ ಜೋತುಬಿತ್ತು. "ಹಳೀ ಬಂದೂಕ ಲೇ ಅದು. ಸವದದ. ಹೊಡದ್ರ ನಮ್ಮ ಮುಖಕ್ಕೇ ಬಡೀತದ."

"ಅದಕ್ಕಂತನ ಲಾಡ್ಲೆ ಚಾಚಾಗ ಕರಸೇನ್ರಿ!"

ಬಂದೂಕು ರಿಪೇರಿಯ ಲಾಡ್ಲೆಸಾಬರು ಆಗಲೇ ಚೀಲ ಹಿಡಿದು ಬೈಕಿನಿಂದ ಇಳಿಯುತ್ತಿದ್ದರು. ಅವರ ಹಿಂದೆ ಅರ್ಧ ಊರು.

ದೌಲತರಾಯರು ಬಂದೂಕು ತಂದುಕೊಟ್ಟರು. "ಬೋಲ್ಟ್ ಎಲ್ಲ್ಯದ್ರಿ?" ಎಂದರು ಲಾಡ್ಲೆಸಾಬರು. "ಕಳದ ಹೋಗ್ಯದ" ಎನ್ನಲು ಗೌಡರು ಬಾಯಿ ತೆರೆಯುವಷ್ಟರಲ್ಲಿ ಗುರುಶಾಂತಮ್ಮ ಅದನ್ನು ಕೊಟ್ಟಿಗೆಯಿಂದ ಕಿತ್ತು, ಅಂಟಿದ ಸಗಣಿ ಒರೆಸಿ ತಂದಳು. "ಇಲ್ಲದ ನೋಡ್ರಿ ಅಣ್ಣಾ." ಚಿಲಕ ಹೋದ ಬಾಗಿಲು ತಳ್ಳಿಕೊಂಡು ಎಮ್ಮೆಯೂ ಬಂದು ಜನರ ನಡುವೆ ನಿಂತಿತು. ಅದಕ್ಕೂ ನೋಡುವ ಆಸೆ.

ಲಾಡ್ಲೆಸಾಬರು ಬೋಲ್ಟಿನ ಮೇಲಿನ ನಂಬರು, ಬಂದೂಕಿನ ನಂಬರು ತಾಳೆ ನೋಡಿದರು. "ಒಂದೇ ತಾಯಿ ಮಕ್ಕಳ. ಅಕ್ಕಾ, ಒಂಚೂರು ಕಾಡಿಗಿ ಕೊಡ್ರಿ."

ಬೋಲ್ಟಿನ ತುದಿಯಲ್ಲಿ ಕಿವಿಯಂತೆ ಚಾಚಿದ ಎರಡು ಉಬ್ಬುಗಳಿಗೆ ಕಾಡಿಗೆ ಹಚ್ಚಿ, ಒಳಗೆ ತಳ್ಳಿ, ತಿರುವಿ, ಹೊರತೆಗೆದರು. "ಎರಡೂ ಕಿವಿ ಸಮ ತಿಕ್ಕಬೇಕ್ರಿ. ಇಲ್ಲಿ ಒಂದರ ಕಾಡಿಗಿ ಅಳಸ್ಯದ, ಇನ್ನೊಂದು ಮದವಿಗಿ ಹೊಂಟಂಗ ನಿಂತದ."

ಆಮೇಲೆ ಅಳತೆ ನೋಡುವ, ಗುಂಡಿನ ಆಕಾರದ ಉಕ್ಕಿನ ಗೇಜ್ ಒಂದನ್ನು ಬಂದೂಕಿಗೆ ತುಂಬಿದರು. "ಈಗ ನೋಡೂಣು, ಬೋಲ್ಟ್ ಮುಚ್ಚತದೋ ಇಲ್ಲೋ."

'ಘತ್ತರಗಿ ತಾಯಿ, ಮುಚ್ಚದಂಗ ಮಾಡವ್ವಾ, ಕಾಯಿ ಒಡಸ್ತೇನಿ' ಎಂದು ದೌಲತರಾಯರು ಕಣ್ಣು ಮುಚ್ಚಿದರು.

ಬೋಲ್ಟ್ ಬೆಣ್ಣೆಯೊಳಗೆ ಬೆರಳಿಟ್ಟಂತೆ ಮುಚ್ಚಿಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಬೀರಲಿಂಗಪ್ಪ ಟವೆಲ್ ಹಾರಿಸಿದ. ದೌಲತರಾಯರು ಎಮ್ಮೆಯ ಬೆನ್ನು ಹಿಡಿದು ನಿಂತರು.

"ಚಪ್ಪಾಳಿ ಯಾಕ ಹೊಡಿತೀರಿ?" ಲಾಡ್ಲೆಸಾಬರು ತಲೆ ಅಲ್ಲಾಡಿಸಿದರು. "ಈ ಗೇಜಿನ ಮ್ಯಾಲ ಮುಚ್ಚಬಾರ್ದ್ರಿ. ಮುಚ್ಚಿತಂದ್ರ ಸವದದ ಅಂತ ಲೆಕ್ಕ. ಇದನ್ನ ಹೊಡದ್ರ ಗೌಡ್ರು ಖಲಾಸ್."

ಬೇಡಿದ್ದು ಆಗಲಿಲ್ಲ, ಬೇಕಾದದ್ದು ಆಯಿತು! ದೌಲತರಾಯರು ಒಣಗಿದ ಕಣ್ಣನ್ನೇ ಒರೆಸಿಕೊಂಡರು. "ಅಯ್ಯೋ, ನಮ್ಮಜ್ಜನ ಬಂದೂಕ! ಇಲ್ಲಂದ್ರ ಇವತ್ತ ಆ ಹಂದಿಗೋಳಿಗಿ ತೋರಸ್ತಿದ್ದೆ ನಾ ಯಾರಂತ!" ಮೀಸೆ ತಾನಾಗಿಯೇ ಮೇಲೆದ್ದಿತು.

"ಹ್ಯಾಂಗೂ ಬಂದೇನಿ, ಸ್ಪ್ರಿಂಗೂ ನೋಡಿಬಿಡ್ತೇನಿ," ಎಂದು ಲಾಡ್ಲೆಸಾಬರು ಗೇಜ್ ತೆಗೆದು, ಒಳಗೆ ಏನೂ ಇಲ್ಲವೆಂದು ಇಣುಕಿ ನೋಡಿ, ಬೋಲ್ಟ್ ಮುಚ್ಚಿ, ಬಂದೂಕನ್ನು ನೆಲಕ್ಕೆ ತಿರುಗಿಸಿ ಕುದುರೆ ಎಳೆದರು.

ಟಕ್. ಬಳೆ ಒಡೆದಷ್ಟು ಸಪ್ಪಳ.

"ಯವ್ವಾss ಸತ್ನೆವ್ವೋss!"

ದೌಲತರಾಯರ ಆ ಕೂಗಿಗೆ ಎಮ್ಮೆ ಓಡಿಹೋಗಿ ತಾನೇ ಕೊಟ್ಟಿಗೆ ಸೇರಿತು. ಲಾಡ್ಲೆಸಾಬರ ಟೊಪ್ಪಿಗೆ ಕೆಳಗೆ ಬಿತ್ತು. ಕೊಟ್ಟಿಗೆಯ ಆಚೆ ಬೀರಲಿಂಗಪ್ಪನ ಕಬ್ಬು ಸರಸರ ಅಲುಗಾಡಿ, ಒಳಗೆ ಮಲಗಿದ್ದ ಹಂದಿಗಳ ಹಿಂಡು ಮಕ್ಕಳು ಮರಿ ಸಮೇತ ಹೊರಬಿದ್ದು, ಹಿಂದಿರುಗಿ ನೋಡದೆ ಕಾಲುವೆ ದಾಟಿತು.

ಎಲ್ಲರೂ ಹಂದಿಗಳನ್ನು ನೋಡಿದರು. ಆಮೇಲೆ ದೌಲತರಾಯರನ್ನು ನೋಡಿದರು.

"ಚಾಚಾ," ಎಂದ ಬೀರಲಿಂಗಪ್ಪ ಮೆಲ್ಲಗೆ, "ಬಂದೂಕ ಬಿಡ್ರಿ. ಗೌಡ್ರ ಗಂಟಲಾ ಚೆಕ್ ಮಾಡ್ರಿ."

ಲಾಡ್ಲೆಸಾಬರು ಗೌಡರ ಬಾಯಿ ಅಗಲಿಸಿ ಟಾರ್ಚ್ ಬಿಟ್ಟರು. "ಎಲ್ಲೂ ಸವದಿಲ್ರಿ. ಶೋರೂಮಿನಾಗಿಂದ ತಂದಂಗದ!"

ಹೊತ್ತು ಮುಳುಗುವಾಗ ದೌಲತರಾಯರು ಕಂಬಳಿ ಹೊದ್ದು, ಬಂದೂಕಿಲ್ಲದೆ ಬರಿಗೈಯಲ್ಲಿ ಬೀರಲಿಂಗಪ್ಪನ ಅಟ್ಟದ ಕಾವಲಿಗೆ ಹೊರಟರು. ಗುರುಶಾಂತಮ್ಮ ಬೋಲ್ಟನ್ನು ಮತ್ತೆ ಕೊಟ್ಟಿಗೆಗೆ ಸಿಕ್ಕಿಸಿ, ಗಂಟಲು ಒಣಗದಿರಲೆಂದು ಗಂಡನ ಕೈಗೆ ಬೆಲ್ಲದ ತುಂಡು ಕೊಟ್ಟಳು. ಆಮೇಲೆ ಒಳಗೆ ಹೋಗಿ ಏನನ್ನೋ ತಂದು ಬೀರಲಿಂಗಪ್ಪನ ತಲೆಯ ಮೇಲಿಟ್ಟಳು.

"ಅವರು ತಾವಾಗೇ ಒದರಂಗಿಲ್ಲಪಾ," ಎಂದಳು ಮಮತೆಯಿಂದ. "ಒಲಿ ಮ್ಯಾಲ ಈ ಕುಕ್ಕರ್ ಇಡು."