ಷಡ್ಡಕನ ಕೈಗುಣವೂ ನನ್ನ ಬ್ಯಾಕಪ್ಪೂ

ಮನೆ ಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವವನಿಗೆ ನಗೆ ಪ್ರಸಂಗಗಳಿಗೇನೂ ಬರವಿಲ್ಲ. ನನ್ನ ತೊಂದರೆ ಇಷ್ಟೇ, ನಗುವವರು ಯಾವಾಗಲೂ ಬೇರೆಯವರು. ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಇಂಡಿ, ಸಿಂದಗಿ ಅಂತ ಬೈಕಿನ ಮೇಲೆ ಸುತ್ತುತ್ತೇನೆ. ಹೋದ ಕಡೆಯಲ್ಲೆಲ್ಲ ನಾಲ್ಕು ಮಾತು ಹೇಳಿಯೇ ಬರುತ್ತೇನೆ: ಒಂದು ಒಳ್ಳೆಯ ಆಂಟಿವೈರಸ್ ಇರಲಿ, ಪಾಸ್‌ವರ್ಡ್ ಗಟ್ಟಿಯಾಗಿರಲಿ, ಅಪ್‌ಡೇಟ್ ಬಂದರೆ ಮುಂದೂಡಬೇಡಿ, ಬೇಕಾದ್ದನ್ನೆಲ್ಲ ಇನ್ನೊಂದು ಕಡೆ ಕಾಪಿ ಮಾಡಿಡಿ. ಎಲ್ಲರೂ ತಲೆಯಾಡಿಸುತ್ತಾರೆ. ನಾನು ಬೈಕ್ ಹತ್ತಿದ ಮೇಲೆ ಮುದ್ದೇಬಿಹಾಳಕ್ಕೆ ಫೋನ್ ಮಾಡಿ, ನಾನು ಹೇಳಿದ್ದು ಖರೇ ಏನು ಅಂತ ನಮ್ಮ ಷಡ್ಡಕನನ್ನು ಕೇಳುತ್ತಾರೆ.

ಷಡ್ಡಕ ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಅವನದೂ ಇದೇ ಧಂದೆ. ಈ ಕೆಲಸ ಶುರು ಮಾಡಿದ್ದು ನನಗಿಂತ ಎರಡು ವರ್ಷ ತಡವಾಗಿ. ಆದರೆ ಇಸ್ತ್ರಿ ಮಾಡಿದ ಅಂಗಿ, ಬಿಳಿ ಕಾರು, ಮೆತ್ತನೆಯ ಮಾತು. ಅವನಿಗೆ ಕೈಗುಣ ಇದೆಯಂತೆ. ಡಾಕ್ಟರಿಗೆ ಕೈಗುಣ ಇರಲಿ, ಸೂಲಗಿತ್ತಿಗೆ ಇರಲಿ, ಒಪ್ಪುತ್ತೇನೆ. ಕೀಬೋರ್ಡು ಒತ್ತುವುದಕ್ಕೆ ಯಾತರ ಕೈಗುಣ? ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವಂಥದ್ದೇನಿಲ್ಲ.

ಈ ಹೊಟ್ಟೆಕಿಚ್ಚಿನ ಬೇರು ಸಿಂದಗಿಯಲ್ಲಿದೆ, ನಮ್ಮಿಬ್ಬರ ಮಾವನ ಮನೆಯಲ್ಲಿ. ಮಾವ ರಿಟೈರಾದ ಸಾಲಿ ಮಾಸ್ತರರು. ಕಣದಲ್ಲಿ ರಾಶಿ ಮಾಡುವಾಗ ಹಾಡುತ್ತಿದ್ದ ಹಂತಿ ಪದಗಳನ್ನು ಸುತ್ತಲಿನ ಹಳ್ಳಿಯ ಮುದುಕರಿಂದ ಕೇಳಿ ಕೇಳಿ, ಒಂಬತ್ತು ವರ್ಷದಿಂದ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದಾರೆ. ಆ ಕಂಪ್ಯೂಟರ್ ಅವರಿಗೆ ಮೂರನೆಯ ಮಗಳಿದ್ದ ಹಾಗೆ. ಅದನ್ನು ನಂಬಿ ಒಪ್ಪಿಸುವಂಥ ಅಳಿಯ ನಾನೋ ಅವನೋ ಅನ್ನುವುದೇ ನಮ್ಮಿಬ್ಬರ ನಡುವಿನ ಪೈಪೋಟಿ. ಇಂಥದೊಂದು ಪೈಪೋಟಿ ನಡೆದಿದೆ ಅನ್ನುವುದು ಅವನಿಗೆ ಗೊತ್ತೇ ಇಲ್ಲ. ಅದೇ ನನಗೆ ಇನ್ನೂ ಉರಿ.

೧. ಮೂವರು ಕಾವಲಿನವರು

ಇಂಡಿಯಲ್ಲಿ ಒಬ್ಬ ಲಿಂಬಿ ವ್ಯಾಪಾರಿ ಚಾಚಾ. ಅವರ ಮನೆಯ ಕಂಪ್ಯೂಟರ್ ಹಚ್ಚಿದರೆ ಪರದೆ ಬೆಳಗುವಷ್ಟರಲ್ಲಿ ಒಂದು ಚಹಾ, ಬಾಣ ಅಲುಗುವಷ್ಟರಲ್ಲಿ ಇನ್ನೊಂದು ಚಹಾ. ತೆಗೆದು ನೋಡಿದರೆ ಒಳಗೆ ಮೂರು ಆಂಟಿವೈರಸ್.

"ಚಾಚಾ, ಮೂರು ಯಾಕ್ರಿ?"

"ನೋಡು ತಮ್ಮಾ, ನಂದು ಲಿಂಬಿ ತ್ವಾಟ ಐತಿ. ಒಬ್ಬನ್ನ ಕಾವಲಿಗೆ ಇಟ್ರ ಅವನ ಕದೀತಾನ. ಇಬ್ಬರನ್ನ ಇಟ್ರ ಕೂಡಿ ಕದೀತಾರ. ಅದಕ್ಕ ಮೂರು ಊರಿನವರು ಮೂರು ಮಂದೀನ ಇಡತೀನಿ. ಒಬ್ಬರ ಮ್ಯಾಲ ಒಬ್ಬರು ಕಣ್ಣಿಟ್ಟಿರ್ತಾರ. ಹತ್ತು ವರ್ಷಾತು, ಒಂದ ಲಿಂಬಿಕಾಯಿ ಹೋಗಿಲ್ಲ."

"ತ್ವಾಟಕ್ಕ ಸರಿ ಐತ್ರಿ. ಇಲ್ಲಿ ಮೂವರೂ ಒಬ್ಬರ ಕೊಳ್ಳಪಟ್ಟಿ ಒಬ್ಬರು ಹಿಡಕೊಂಡು ನಿಂತಾರ. ಕಳ್ಳನ್ನ ಹಿಡಿಯೂದು ದೂರ ಉಳೀತು, ಮನಿಯವರಿಗೂ ಒಳಗ ಬರಾಕ ಹಾದಿ ಇಲ್ಲ."

ಚಾಚಾಗೆ ಮಾತು ಹಿಡಿಸಿತು. ಎರಡನ್ನು ತೆಗೆದುಹಾಕಿದೆ. ಕಂಪ್ಯೂಟರ್ ಚುರುಕಾಯಿತು. ಜೀವಮಾನದಲ್ಲಿ ಒಮ್ಮೆಯಾದರೂ ಯಾರೋ ನನಗೆ ಶಾಬಾಸ್ ಅನ್ನುತ್ತಾರೆ ಅಂತ ಕೈಕಟ್ಟಿ ನಿಂತೆ.

"ಶಾಬಾಸ್!" ಅಂದರು ಚಾಚಾ. "ಅದರಾಗ ಒಂದು ನಿಮ್ಮ ಷಡ್ಡಕರು ಹಚ್ಚಿದ್ದು. ಅದನ್ನ ಉಳಿಸೀಯಿಲ್ಲೋ?"

ಮೊದಲು ತೆಗೆದದ್ದೇ ಅದನ್ನು. ಅದನ್ನೇ ಮತ್ತೆ ಹಾಕಿಕೊಟ್ಟು, ನಾನು ಉಳಿಸಿದ್ದನ್ನು ತೆಗೆದು ಬಂದೆ.

೨. ಒಡಪಿನ ಪಾಸ್‌ವರ್ಡ್

ಮಸೂತಿಯಲ್ಲಿ ಒಂದು ಮನೆ. ಯಜಮಾನರನ್ನು ಇಡೀ ಊರು ಗೌಡ್ರು ಅನ್ನುತ್ತದೆ, ಅವರ ಹೆಸರು ಯಾರಿಗೂ ಬೇಕಾಗಿಲ್ಲ. ನಾನು ಹೋದ ದಿನ ಗೌಡ್ರು ಕಾಲುವೆ ನೀರಿನ ತಕರಾರಿಗೆ ಮುಳವಾಡದ ಕಡೆ ಹೋಗಿದ್ದರು. ಫೋನು ಮನೆಯ ಗೂಡಿನಲ್ಲೇ ಇತ್ತು. ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು.

"ಅಕ್ಕಾರ, ಪಾಸ್‌ವರ್ಡ್ ಏನ್ರಿ?"

"ಅವರ ಹೆಸರ ಐತ್ರಿ."

"ಏನ್ರಿ ಅವರ ಹೆಸರು?"

"ಅಯ್ಯ!" ಅಂದವರೇ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು.

ಹೆಸರನ್ನು ಪಾಸ್‌ವರ್ಡ್ ಮಾಡಬೇಡಿ, ಯಾರು ಬೇಕಾದರೂ ಊಹಿಸುತ್ತಾರೆ ಅಂತ ಗೌಡ್ರಿಗೆ ನಾನೇ ಬಯ್ದಿದ್ದೆ. ಈಗ ಊಹಿಸಲಿಕ್ಕೆ ನನಗೇ ಆಗಲಿಲ್ಲ. ರೇಷನ್ ಕಾರ್ಡ್ ಕೇಳಿದೆ, ಅದು ಅಕ್ಕನ ಹೆಸರಿನಲ್ಲಿತ್ತು. ಕರೆಂಟ್ ಬಿಲ್ ಕೇಳಿದೆ, ಅದು ಗೌಡ್ರ ಅಜ್ಜನ ಹೆಸರಿನಲ್ಲಿ ಬರುತ್ತಿತ್ತು. "ಹೇಳಬ್ಯಾಡ್ರಿ, ಚೀಟಿ ಮ್ಯಾಲ ಬರದ ಕೊಡ್ರಿ" ಅಂದೆ. ಒಳಗಿನಿಂದ ಅವರ ಅತ್ತೆ, "ಬರದ್ರೂ ಅಷ್ಟ, ಅಂದ್ರೂ ಅಷ್ಟ" ಅಂತ ತೀರ್ಪು ಕೊಟ್ಟರು.

ಕೊನೆಗೆ ಅಕ್ಕ ಫೋನ್ ಎತ್ತಿಕೊಂಡರು. "ತಡೀರಿ, ಮುದ್ದೇಬಿಹಾಳದ ಸರ್‌ನ ಕೇಳತೇನಿ."

ನನ್ನ ಎದುರೇ! ಷಡ್ಡಕ ಎಲ್ಲವನ್ನೂ ಕೇಳಿಸಿಕೊಂಡು, ಮೆತ್ತನೆಯ ದನಿಯಲ್ಲಿ, "ಅಕ್ಕಾರ, ಒಡಪು ಹಾಕಿ ಹೇಳ್ರಲಾ" ಅಂದ.

ಮದುವೆ ಮನೆಯಲ್ಲಿ ಹೆಂಗಸರು ಎರಡು ಸಾಲು ಪದ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುವುದುಂಟಲ್ಲ, ಅದೇ ಒಡಪು. ಅದಕ್ಕೆ ಅಡ್ಡಿಯಿಲ್ಲ. ಅಕ್ಕನ ಮುಖ ಅರಳಿತು. ಪಕ್ಕದ ಮನೆಯವರನ್ನೂ ಕರೆದರು. ಬರೀ ಗೋಡೆಗೆ ಯಾರಾದರೂ ಒಡಪು ಹೇಳುತ್ತಾರೆಯೇ?

"ಹಿತ್ತಲ ಬದನಿಕಾಯಿ ಎಣಗಾಯಿ ಮಾಡಿದ್ರ ಚೆಂದ, ನೀರ ತರಾಕ ಹೋದ ಶಾಂತಗೌಡರು ಹೊತ್ತಿಗೆ ಸರಿಯಾಗಿ ಮನಿಗೆ ಬಂದ್ರ ಚೆಂದ!"

ಚಪ್ಪಾಳೆ ಬಿತ್ತು. ಕಂಪ್ಯೂಟರ್ ತೆರೆಯಿತು. ಒಬ್ಬರು ಹೇಳಿದ ಮೇಲೆ ಉಳಿದವರು ಬಿಡುತ್ತಾರೆಯೇ? ಸರದಿಯಂತೆ ಎಲ್ಲರೂ ಒಡಪು ಹಾಕಿದರು. ಪಾಸ್‌ವರ್ಡನ್ನು ಯಾರ ಮುಂದೆಯೂ ಹೇಳಬೇಡಿ ಅಂತ ಊರೂರು ಸಾರುವ ನನಗೆ, ಒಂದೇ ಮಧ್ಯಾಹ್ನದಲ್ಲಿ ಆ ಓಣಿಯ ಅಷ್ಟೂ ಮನೆಗಳ ಪಾಸ್‌ವರ್ಡ್ ಬಾಯಿಪಾಠವಾಯಿತು.

೩. ಮೆತ್ತಗೆ ಮಾತಾಡಿದ ಕಳ್ಳ

ನಮ್ಮ ಬಾಗೇವಾಡಿಯಲ್ಲೇ ಒಬ್ಬರು ರಿಟೈರ್ಡ್ ಟೀಚರ್ ಬಾಯಿಯವರಿದ್ದಾರೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಒಂದು ದಿನ ಕರೆಸಿದರು.

"ಕಂಪನಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದನಪ್ಪಾ. ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕದ, ನಾ ಹೇಳಿದ್ದೊಂದು ಹಾಕಿಕೊಳ್ರಿ, ಇಲ್ಲಿಂದನ ಸರಿ ಮಾಡ್ತೀನಿ ಅಂದಾ."

"ಹಾಕಿದ್ರೇನ್ರಿ?"

"ಹ್ಯಾಂಗ ಹಾಕ್ಲಿ? ಯಾವೂರಿನವ, ಯಾರ ಪೈಕಿ ಅಂತ ತಿಳೀದ ಮನಿಯೊಳಗ ಬಿಟ್ಟುಕೊಳ್ಳಲಿಕ್ಕೆ ಬರ್ತದೇನು? ಕೇಳಿದೆ. ಊರು ಹೇಳಿದ. ಅಪ್ಪ ಏನು ಮಾಡ್ತಾರ? ಹೇಳಿದ. ಲಗ್ನ ಆಗ್ಯದೇನು? ಇಲ್ಲ ಅಂದ. ನಮ್ಮ ತಮ್ಮನ ಮಗಳು ಇದ್ದಾಳಲ್ಲ, ಕುಂಡಲಿ ಕಳಸು ಅಂದೆ. ಫೋನ್ ಇಟ್ಟುಬಿಟ್ಟಾ. ತಿರುಗಿ ಹಚ್ಚಿದ್ರ ಎತ್ತವಲ್ಲ."

"ಬಾಯಾರ, ಅವ ಕಳ್ಳರಿ! ಅವ ಹೇಳಿದ್ದು ಹಾಕಿದ್ರ ನಿಮ್ಮ ಕಂಪ್ಯೂಟರ್ ಪೂರಾ ಅವನ ಕೈಯಾಗ ಹೋಗ್ತಿತ್ತು. ಯಾವ ಕಂಪನಿನೂ ತಾನಾಗಿ ಫೋನ್ ಮಾಡಿ ವೈರಸ್ ಐತಿ ಅನ್ನೂದಿಲ್ಲ ಅಂತ ಎಷ್ಟು ಸಲ ಹೇಳೇನಿ ನಿಮಗ!"

ಬಾಯಿಯವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕಳ್ಳ ಇರಬಹುದಪ್ಪಾ. ಆದರ ಇಪ್ಪತ್ತು ನಿಮಿಷ ಎಷ್ಟು ಶಾಂತ ಮಾತಾಡಿದ. ನೀ ಬಂದಾಗೊಮ್ಮೆ ಒದರ್ತೀ."

ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚು ಷಡ್ಡಕನೊಬ್ಬನ ಮೇಲಿತ್ತು. ಅವತ್ತು ಕಳ್ಳನ ಮೇಲೂ ಆಯಿತು.

೪. ಕೈಗುಣದ ಗುಟ್ಟು

ಈ ಕೈಗುಣ ಏನೆಂದು ಕಣ್ಣಾರೆ ನೋಡಿಬಿಡೋಣ ಅಂತ ಒಮ್ಮೆ ಮುದ್ದೇಬಿಹಾಳಕ್ಕೆ ಹೋದಾಗ ಅವನ ಅಂಗಡಿಯಲ್ಲೇ ಕುಳಿತೆ. ತಂಗಡಗಿಯವನೊಬ್ಬ ಕಂಪ್ಯೂಟರ್ ಹೊತ್ತು ತಂದ. ಅವನು ನನಗೂ ಗೊತ್ತು. "ಅಪ್‌ಡೇಟ್ ಹಾಕ್ರಿ" ಅಂತ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿತ್ತು. "ಇವತ್ತ ಅಮಾಸಿ ಐತ್ರಿ, ಹೊಸಾದು ಹಚ್ಚಬಾರದು" ಅಂದಿದ್ದ. ಅಮಾವಾಸ್ಯೆ ಕಳೆದ ಮೇಲೆ ಮರೆತಿದ್ದ. ನೆನಪಾಗುವಷ್ಟರಲ್ಲಿ ಮುಂದಿನ ಅಮಾವಾಸ್ಯೆ.

ಷಡ್ಡಕ ಅವನ ಆರೋಗ್ಯ ಕೇಳಿದ, ಬೆಳೆ ಕೇಳಿದ, ರಿಸ್ಟಾರ್ಟ್ ಒತ್ತಿದ. ಕಣ್ಣು ಮುಚ್ಚಿ, "ಹತ್ತು ನಿಮಿಷ ಯಾರೂ ಮುಟ್ಟಬ್ಯಾಡ್ರಿ" ಅಂದ. ಎಲ್ಲರೂ ಚಹಾ ಕುಡಿದೆವು. ತಿಂಗಳುಗಟ್ಟಲೆ ಬಾಕಿ ನಿಂತಿದ್ದ ಅಪ್‌ಡೇಟು ತನ್ನಷ್ಟಕ್ಕೆ ತಾನೇ ಕುಳಿತುಕೊಂಡಿತು. ಕಂಪ್ಯೂಟರ್ ಸರಿಯಾಯಿತು. ತಂಗಡಗಿಯವನು ಕೈಮುಗಿದ.

ಇಷ್ಟೇನಾ! ಮರುದಿನ ನನ್ನ ಅಂಗಡಿಗೆ ಬಂದ ಮೊದಲ ಗಿರಾಕಿಯ ಮುಂದೆ ನಾನೂ ಹಾಗೇ ಮಾಡಿದೆ. ಆರೋಗ್ಯ ಕೇಳಿದೆ, ಬೆಳೆ ಕೇಳಿದೆ, ರಿಸ್ಟಾರ್ಟ್ ಒತ್ತಿ ಕಣ್ಣು ಮುಚ್ಚಿದೆ. ಎರಡು ನಿಮಿಷವಾಗಿರಬಹುದು. ಗಿರಾಕಿ ಮೆಲ್ಲಗೆ ನನ್ನ ಭುಜ ಮುಟ್ಟಿ, "ಯಾಕ್ರಿ, ಆರಾಮಿಲ್ಲೇನು? ದವಾಖಾನಿಗೆ ಹೋಗೂಣೇನು?" ಅಂದ.

೫. ನಂಬಿಗಸ್ತರ ಮನೆ

ಮೊನ್ನೆ ಮೊನ್ನೆಯ ಮಾತು. ಮಾವನ ಹಂತಿ ಪದಗಳ ಪುಸ್ತಕ ಅಚ್ಚಿಗೆ ಹೋಗುವ ವಾರ. ಭಾನುವಾರ ಬೆಳಿಗ್ಗೆ ಅತ್ತೆಯ ಫೋನು: "ಕಂಪ್ಯೂಟರ್ ಕಟಕಟ ಅಂದು ಕರ್ರಗಾತು. ನಿಮ್ಮ ಮಾವ ಚಹಾನೂ ಮುಟ್ಟಿಲ್ಲ." ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸಿಂದಗಿಗೆ ಓಡಿದೆ. ಮುದ್ದೇಬಿಹಾಳಕ್ಕೂ ಫೋನ್ ಹೋಗಿದೆ ಅಂತ ಗೊತ್ತಿತ್ತು. ಎಲ್ಲೂ ನಿಲ್ಲಿಸಲಿಲ್ಲ. ಮೊದಲು ತಲುಪಿದ್ದು ನಾನೇ.

ಬಿಚ್ಚಿ ನೋಡಿದೆ. ಹಾರ್ಡ್ ಡಿಸ್ಕ್ ಸತ್ತಿತ್ತು. ಯಾವ ಕೈಗುಣಕ್ಕೂ ಏಳುವಂತಿರಲಿಲ್ಲ. ಮಾವ ಕುರ್ಚಿಯ ಹಿಡಿಕೆ ಹಿಡಿದು ನಿಂತಿದ್ದರು.

"ಹೋತೇನ್ರಿ ಅಳಿಯಾರ? ಹಾಡಿದವರಾಗ ಈಗ ನಾಕು ಮಂದಿನೂ ಉಳಿದಿಲ್ಲ. ಮತ್ತ ಯಾರನ್ನ ಕೇಳಲಿ?"

ಆ ಕ್ಷಣ, ಸುಳ್ಳು ಹೇಳುವುದಿಲ್ಲ, ಷಡ್ಡಕನನ್ನು ಮರೆತೆ. ಕಣ್ಣಲ್ಲಿ ನೀರೇ ಬಂತು. ಆಮೇಲೆ ನೆನಪಾಯಿತು.

"ಮಾವಾರ, ನಾ ನಿಮಗ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ಕೊಟ್ಟಿದ್ನೆಲ್ರಿ? ತಿಂಗಳಿಗೊಮ್ಮೆ ಎಲ್ಲಾ ಅದರಾಗ ಕಾಪಿ ಮಾಡ್ರಿ ಅಂದಿದ್ದೆ."

ಅವರು ತಲೆಯೆತ್ತಿದರು. "ಮಾಡೇನಲ್ಲ. ಒಂದ ತಿಂಗಳೂ ತಪ್ಪಿಸಿಲ್ಲ. ಹೋದ ಭಾನುವಾರನೂ ಮಾಡೇನಿ. ಅದರಾಗ ಇರತಾವೇನು?"

"ಒಂದ ಅಕ್ಷರನೂ ಹೋಗಿರೂದಿಲ್ರಿ!"

ಮಾವ ನನ್ನ ಎರಡೂ ಕೈ ಹಿಡಿದುಕೊಂಡರು. ಅತ್ತೆ ದೇವರಿಗೆ ಕೈಮುಗಿದವರು ಹಾಗೇ ತಿರುಗಿ ನನಗೂ ಮುಗಿದರು. ಹದಿನಾಲ್ಕು ವರ್ಷದಿಂದ ಈ ಮನೆಯ ಅಳಿಯನಾಗಿದ್ದೇನೆ, ಇಂಥ ಮರ್ಯಾದೆ ಆ ದಿನವೇ ಮೊದಲು. ಅಷ್ಟರಲ್ಲಿ ಹೊರಗೆ ಬಿಳಿ ಕಾರು ನಿಂತಿತು. ನಾನೇ ಬಾಗಿಲಿಗೆ ಹೋದೆ. ಇಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಒಂದೇ ಸಲಕ್ಕೆ ಹೊರಹಾಕಿದೆ.

"ಬರ್ರಿ ಅಣ್ಣಾರ, ಬರ್ರಿ. ಆದ್ರ ಇವತ್ತ ಕೈಗುಣ ನಡಿಯೂದಿಲ್ರಿ. ಇದಕ್ಕ ಬ್ಯಾಕಪ್ ಬೇಕು, ಬ್ಯಾಕಪ್!"

"ಹೌದಲ್ಲ ತಮ್ಮಾ" ಅಂದ ಷಡ್ಡಕ. ಚೀಲಕ್ಕೆ ಕೈಹಾಕಿ, ಕರವಸ್ತ್ರದಲ್ಲಿ ಸುತ್ತಿದ್ದ ಹಾರ್ಡ್ ಡಿಸ್ಕನ್ನು ತೆಗೆದು ಮಾವನ ಕೈಗೆ ಕೊಟ್ಟ. ನಾನು ಕೊಡಿಸಿದ್ದೇ. ನನ್ನ ಅಂಗಡಿಯ ಚೀಟಿ ಅದರ ಮೇಲೆ ಹಾಗೇ ಇತ್ತು.

ಅತ್ತೆ ಒಳಗೆ ಓಡಿಹೋಗಿ ಉಪ್ಪು ಮೆಣಸಿನಕಾಯಿ ತಂದು ಅವನಿಗೆ ದೃಷ್ಟಿ ತೆಗೆದರು. ನಾನು ಮಾವನ ಕಡೆ ತಿರುಗಿದೆ.

"ಇದು ಇವರ ಕಡೆ ಹ್ಯಾಂಗ ಬಂತ್ರಿ ಮಾವಾರ?"

"ನೀವ ಹೇಳಿದ್ರೆಲ್ಲ? ಕಂಪ್ಯೂಟರ್ ಇದ್ದ ಮನಿಯಾಗ ಬ್ಯಾಕಪ್ ಇಡಬಾರದು, ಬ್ಯಾರೆ ಊರಾಗ, ನಂಬಿಗಸ್ತರ ಮನಿಯಾಗ ಇಡಬೇಕು ಅಂತ. ದೊಡ್ಡ ಅಳಿಯಾರು ತಿಂಗಳಾ ಬಂದು ಕಾಪಿ ತುಂಬಿಸಿಕೊಂಡು ಒಯ್ಯತಾರ."

"ಬ್ಯಾರೆ ಊರು ಅಂದ್ರ ಬಾಗೇವಾಡಿ ಇತ್ತಲ್ರಿ! ಹತ್ತರನೂ ಆಗತಿತ್ತು. ನಮ್ಮ ಮನಿಯಾಗ ಇಡಬೇಕಿಲ್ಲೇನು?"

ಮಾವ ಅತ್ತೆಯನ್ನು ನೋಡಿದರು, ಅತ್ತೆ ನನ್ನ ಹೆಂಡತಿಯನ್ನು ನೋಡಿದರು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದಳು.

"ಅಪ್ಪ ನಮ್ಮನಿಗೇ ಕಳಸತೇನಿ ಅಂದಿದ್ರು. ನಾನ ಬ್ಯಾಡ ಅಂದೆ."

"ಯಾಕ?"

"ನಿಮಗ ಮಂದಿ ಕಂಪ್ಯೂಟರ್ ನೋಡೂದ್ರಾಗ ನಮ್ಮದು ನೋಡಾಕ ವ್ಯಾಳೆ ಎಲ್ಲೈತ್ರಿ? ಅದು ಕೆಟ್ಟು ವರ್ಷಾತು." ಆಮೇಲೆ ದನಿ ಇಳಿಸಿ ಹೇಳಿದಳು. "ನಮ್ಮ ಲಗ್ನದ ಫೋಟೋನೂ ನಾ ಅಕ್ಕನ ಮನಿಯಾಗ ಇಟ್ಟೇನಿ."